ಎರಡೇ ಸೀಟಿನ ಕಾರು, ನಾಲ್ಕು ರೇಸ್ ಟೈರು: ಟ್ರ್ಯಾಕಿಗೆ ಒಯ್ಯುವುದು ಹೇಗೆ?

ಪ್ರಶ್ನೆ: ನಾನಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ನನ್ನ ಹತ್ತಿರ ಇರುವುದು ಒಂದೇ ಕಾರು, ಮಜ್ದಾ ಮಿಯಾಟಾ. ದಿನಾ ಆಫೀಸಿಗೂ ಅದೇ. ಥಂಡರ್‌ಹಿಲ್ ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬೇರೆ ರೇಸ್ ಟೈರು ಕೊಳ್ಳಬೇಕೆಂದಿದ್ದೇನೆ. ಅವನ್ನು ಹಾಕಿಕೊಂಡೇ ಹೋಗಿಬಿಡಲೇ? ಇಲ್ಲವೆಂದರೆ ನಾಲ್ಕು ಟೈರನ್ನು ಈ ಪುಟ್ಟ ಕಾರಿನಲ್ಲಿ ಎಲ್ಲಿ ಇಡಲಿ?

ಉತ್ತರ: ಹಾಕಿಕೊಂಡು ಹೋಗಬೇಡಿ. ಹೂಸಿಯರ್ ಆರ್7 ತರಹದ ರೇಸ್ ಟೈರಿಗೆ ರಸ್ತೆಗೆ ಬೇಕಾದ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಮುದ್ರೆ ಇರುತ್ತದೆ, ನಿಜ. ಆದರೆ ಹೊಸದರಲ್ಲೇ ಅದರ ತೋಡಿನ ಆಳ ಸುಮಾರು 3 ಮಿ.ಮೀ. ಮಾತ್ರ. ಸಾಮಾನ್ಯ ಟೈರಿಗೆ ಇದರ ಎರಡು ಪಟ್ಟಿಗೂ ಹೆಚ್ಚು ಇರುತ್ತದೆ. ನಿಮ್ಮ ಮನೆಯಿಂದ ವಿಲ್ಲೋಸ್ ಊರಿನ ಪಕ್ಕದ ಥಂಡರ್‌ಹಿಲ್‌ಗೆ ಹೆಚ್ಚುಕಡಿಮೆ 270 ಕಿ.ಮೀ. ದಾರಿಯಲ್ಲಿ ಒಂದು ಮಳೆ ಬಂದರೆ ನೀರನ್ನು ಪಕ್ಕಕ್ಕೆ ತಳ್ಳಲು ಆ ತೋಡುಗಳಿಗೆ ಆಗದು, ಕಾರು ನೀರಿನ ಮೇಲೆ ತೇಲಿಬಿಡುತ್ತದೆ. ಜೊತೆಗೆ ಈ ರಬ್ಬರು ಬಿಸಿಯಾದಾಗಲೇ ಹಿಡಿಯುವುದು. ಚಳಿಗಾಲದ ಮುಂಜಾನೆ ಅದನ್ನು ನಂಬಿ ಜೋರಾಗಿ ಬ್ರೇಕ್ ಒತ್ತುವಂತಿಲ್ಲ. ಮೊಳೆ ಚುಚ್ಚಿದರಂತೂ ಆ ದಿನದ ಓಟ ಅಲ್ಲಿಗೇ ಮುಗಿಯಿತು.

ಟೈರು ಕೊಳ್ಳುವ ಮೊದಲು ಇನ್ನೊಂದು ವಿಷಯ ಯೋಚಿಸಿ. ವರ್ಷಕ್ಕೆ ಒಂದೆರಡು ಸಲ ಹೋಗುವವರಾದರೆ ನಿಮಗೆ ಬೇರೆ ಸೆಟ್ಟೇ ಬೇಡ. ಬ್ರಿಜ್‌ಸ್ಟೋನ್ ಆರ್‌ಇ-71ಆರ್‌ಎಸ್, ಯೊಕೊಹಾಮಾ ಎ052 ತರಹದ, ಪಕ್ಕದಲ್ಲಿ ಟ್ರೆಡ್‌ವೇರ್ (ಸವೆತದ ಅಂಕಿ) 200 ಎಂದು ಬರೆದಿರುವ ಟೈರುಗಳಿವೆ. ಅವನ್ನೇ ಹಾಕಿಕೊಂಡು ಹೋಗಿ, ಅವುಗಳಲ್ಲೇ ದಿನವಿಡೀ ಓಡಿಸಿ, ಅವುಗಳಲ್ಲೇ ವಾಪಸ್ ಬರಬಹುದು. ಹೊಸದಾಗಿ ಕಲಿಯುವವರಿಗೆ ನಾನು ಹೇಳುವುದೂ ಇದನ್ನೇ. ರೇಸ್ ಟೈರಿನ ಅಂಟು ಹಿಡಿತ ನಿಮ್ಮ ತಪ್ಪುಗಳನ್ನು ಮುಚ್ಚಿಹಾಕುತ್ತದೆ. ಸ್ಟಿಯರಿಂಗ್ ಎಲ್ಲಿ ಜಾಸ್ತಿ ತಿರುಗಿಸಿದೆ, ಬ್ರೇಕ್ ಎಲ್ಲಿ ತಡವಾಯಿತು ಅನ್ನುವುದು ಗೊತ್ತೇ ಆಗುವುದಿಲ್ಲ.

ಇಲ್ಲ, ರೇಸ್ ಟೈರೇ ಬೇಕು ಅನ್ನುವುದಾದರೆ ಬೇರೆ ರಿಮ್ಮಿಗೆ ಕೂರಿಸಿದ ಪೂರಾ ಸೆಟ್ ಇಟ್ಟುಕೊಳ್ಳಿ. ಮಿಯಾಟಾ ಓಡಿಸುವವರಲ್ಲಿ ಹೆಚ್ಚು ಜನ ಬಳಸುವ 205/50ಆರ್15 ಅಳತೆಯ ಟೈರಿನ ಎತ್ತರ 58–59 ಸೆಂ.ಮೀ., ಅಗಲ 21 ಸೆಂ.ಮೀ.ಗೂ ತುಸು ಹೆಚ್ಚು. ಹಗುರ ರಿಮ್ ಸೇರಿ ಒಂದಕ್ಕೆ ಸುಮಾರು 16 ಕೆಜಿ. ಅಂದರೆ ನಾಲ್ಕಕ್ಕೆ 64 ಕೆಜಿ. ತೂಕದ ಮಟ್ಟಿಗೆ ಸಣ್ಣಗಿರುವ ಒಬ್ಬ ಗೆಳೆಯ ಪಕ್ಕದಲ್ಲಿ ಕೂತಷ್ಟೇ. ತೊಂದರೆ ಇರುವುದು ಜಾಗದ್ದು.

ಕಾರಿನೊಳಗೇ ತುಂಬಿಸುವವರು ಪಕ್ಕದ ಸೀಟಿನ ಮೇಲೆ ಎರಡು, ಅದರ ಕಾಲಿಡುವ ಜಾಗದಲ್ಲಿ ಒಂದು, ಸ್ಟೆಪ್ನಿ ತೆಗೆದು ಡಿಕ್ಕಿಯಲ್ಲಿ ಇನ್ನೊಂದು ಅಂತ ಹೊಂದಿಸುತ್ತಾರೆ. ಮಿಯಾಟಾದ ಒಂದೊಂದು ಪೀಳಿಗೆಯ ಡಿಕ್ಕಿ ಒಂದೊಂದು ಆಕಾರದ್ದು. ಹಾಗಾಗಿ ದುಡ್ಡು ಕೊಡುವ ಮೊದಲೇ ಯಾರದಾದರೂ ಒಂದು ಚಕ್ರ ತಂದು ಇಟ್ಟು ನೋಡಿ. ಸೀಟಿನ ಮೇಲಿನವನ್ನು ಮಾತ್ರ ದಯವಿಟ್ಟು ಸುಮ್ಮನೆ ಇಡಬೇಡಿ. ಅಪಘಾತದಲ್ಲಿ 20 ಜಿ, ಅಂದರೆ ಗುರುತ್ವದ 20 ಪಟ್ಟು, ಹೊಡೆತ ಬಿತ್ತೆಂದರೆ 16 ಕೆಜಿಯ ಚಕ್ರ 320 ಕೆಜಿ ಭಾರದಂತೆ ನುಗ್ಗುತ್ತದೆ. ಅದಕ್ಕೂ ನಿಮ್ಮ ಮೊಣಕೈಗೂ ನಡುವೆ ಗೋಡೆಯಿಲ್ಲ. ಸೀಟ್ ಬೆಲ್ಟನ್ನು ರಿಮ್ಮಿನ ಕಡ್ಡಿಗಳ ನಡುವೆ ತೂರಿಸಿ ಹಾಕಿ, ಮೇಲಿಂದ ಸಾಮಾನು ಬಿಗಿಯುವ ರ‍್ಯಾಚೆಟ್ ಬೆಲ್ಟಿನಿಂದ ಸೀಟಿಗೇ ಬಿಗಿಯಿರಿ. ಆ ಬದಿಯ ಏರ್‌ಬ್ಯಾಗನ್ನು ಕೀಲಿಯಿಂದ ಆಫ್ ಮಾಡುವ ವ್ಯವಸ್ಥೆ ಇರುವ ಕಾರಾದರೆ ಆಫ್ ಮಾಡಿ. ಇಷ್ಟಾದ ಮೇಲೂ ಜಾಕ್, ನಟ್ಟನ್ನು ಅಳತೆಗೆ ಸರಿಯಾಗಿ ಬಿಗಿಯುವ ಟಾರ್ಕ್ ರೆಂಚ್, ಹೆಲ್ಮೆಟ್, ನೀರು, ಊಟಕ್ಕೆ ಜಾಗ ಹುಡುಕಬೇಕು.

ಅದಕ್ಕೇ ಅಮೆರಿಕದ ಟ್ರ್ಯಾಕುಗಳಲ್ಲಿ ಸಣ್ಣ ಸ್ಪೋರ್ಟ್ಸ್ ಕಾರುಗಳ ಹಿಂದೆ ಪುಟ್ಟ ಟ್ರೇಲರ್ ಕಾಣುವುದು. ಅಗಲ, ಉದ್ದ ಎರಡೂ ನಾಲ್ಕಡಿಯ ಆಸುಪಾಸು. ಮೇಲೆ ಪ್ಲೈವುಡ್ ಹಲಗೆ, ಮುಂದೆ ಬೀಗ ಹಾಕುವ ಪೆಟ್ಟಿಗೆ, ಹಿಂದೆ ನಿಲ್ಲಿಸಿ ಬಿಗಿದ ನಾಲ್ಕು ಚಕ್ರ. ಆದರೆ ಕೊಳ್ಳುವ ಮುಂಚೆ ಕಾರಿನ ಕೈಪಿಡಿ ತೆರೆಯಿರಿ. ಅಮೆರಿಕದಲ್ಲಿ ಮಾರುವ ಮಿಯಾಟಾದಿಂದ ಟ್ರೇಲರ್ ಎಳೆಯಬೇಡಿ ಎಂದೇ ಮಜ್ದಾ ಹೇಳುತ್ತದೆ. ಹೊರಗಿನ ಕಂಪನಿಗಳ ಹಿಚ್ (ಟ್ರೇಲರ್ ಸಿಕ್ಕಿಸಲು ಕಾರಿನ ಹಿಂದೆ ಹಾಕಿಸುವ ಜೋಡಣೆ) ಸಿಗುತ್ತದೆ, ಬಹಳ ಜನ ಎಳೆಯುತ್ತಾರೆ. ಆದರೂ ವಾರಂಟಿ ಇರುವ ಕಾರಾದರೆ ನಾನು ಹಾಕಿಸುವುದಿಲ್ಲ. ಹಳೆಯ ಕಾರಾದರೂ ಇನ್ಶೂರೆನ್ಸ್‌ನವರನ್ನು ಕೇಳಿ, ಅವರ ಉತ್ತರವನ್ನು ಬರಹದಲ್ಲಿ ತೆಗೆದುಕೊಂಡು ಮುಂದುವರಿಯಿರಿ.

ಭಾರ ಹೇರುವುದರಲ್ಲೇ ಇಡೀ ಕೆಲಸದ ಜೀವ ಇದೆ. ಟ್ರೇಲರ್, ಟೈರು, ಸಾಮಾನು ಎಲ್ಲ ಸೇರಿ 250 ಕೆಜಿ ಅಂದುಕೊಳ್ಳಿ. ಅದರಲ್ಲಿ ನೂರಕ್ಕೆ 10ರಿಂದ 15 ಪಾಲು, ಅಂದರೆ 25ರಿಂದ 37 ಕೆಜಿ, ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಸ್ನಾನದ ಮನೆಯಲ್ಲಿರುವ ತೂಕದ ಯಂತ್ರವನ್ನು ಹಿಚ್ಚಿನ ಎತ್ತರಕ್ಕೆ ಏರಿಸಿ, ಅದರ ಮೇಲೆ ಕೊಂಡಿ ಇಟ್ಟರೆ ಲೆಕ್ಕ ಸಿಗುತ್ತದೆ. ಕಡಿಮೆ ಬಂದರೆ ಜಾಕನ್ನೋ ಪೆಟ್ಟಿಗೆಯನ್ನೋ ಮುಂದಕ್ಕೆ ಸರಿಸಿ. ಭಾರ ಹಿಂದೆ ಬಿದ್ದ ಟ್ರೇಲರ್ ಹೈವೇಯಲ್ಲಿ ಎಡಕ್ಕೆ ಬಲಕ್ಕೆ ತೂಗಲು ಶುರುವಾದರೆ ಹಗುರವಾದ ಮಿಯಾಟಾವನ್ನೂ ಜೊತೆಗೇ ಎಳೆದಾಡುತ್ತದೆ.

ಇನ್ನು ಟ್ರೇಲರಿನ ಸ್ವಂತ ಚಕ್ರ. ಅಗ್ಗದವಕ್ಕೆ 8 ಇಂಚಿನ ರಿಮ್ ಇರುತ್ತದೆ. ಗಂಟೆಗೆ 88 ಕಿ.ಮೀ. ವೇಗದಲ್ಲಿ ನಿಮ್ಮ ಕಾರಿನ ಚಕ್ರ ನಿಮಿಷಕ್ಕೆ 800 ಸುತ್ತು ಸುತ್ತಿದರೆ ಅದು 1,150ರ ಹತ್ತಿರ ಸುತ್ತುತ್ತದೆ. ಗ್ರೀಸ್ ಒಣಗಿದ ಬೇರಿಂಗು ಅಲ್ಲೇ ಸುಟ್ಟುಹೋಗುವುದು. 12 ಇಂಚಿನದನ್ನೇ ಕೊಳ್ಳಿ. ಹೊಸದಾದರೂ ಬಿಚ್ಚಿ ಗ್ರೀಸ್ ತುಂಬಿಸಿ. ಹೊರಟು 30 ಕಿ.ಮೀ. ಆದ ಮೇಲೆ ನಿಲ್ಲಿಸಿ ಚಕ್ರದ ನಡುಭಾಗ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಮುಂದೆ ಹೋಗಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ಕಾರಿಗೆ ಗಂಟೆಗೆ 55 ಮೈಲಿಯೇ (88 ಕಿ.ಮೀ.) ಮಿತಿ. ಐ-5 ಹೆದ್ದಾರಿಯಲ್ಲಿ ಎಲ್ಲರೂ ನಿಮ್ಮನ್ನು ದಾಟಿ ಹೋಗುತ್ತಾರೆ, ಹೋಗಲಿ ಬಿಡಿ. ರಿವರ್ಸ್ ತೆಗೆಯುವಾಗ ಗಿಡ್ಡ ಟ್ರೇಲರ್ ಕ್ಷಣದಲ್ಲಿ ಮಡಚಿಕೊಳ್ಳುತ್ತದೆ. ಕೊಂಡಿ ಕಳಚಿ ಕೈಯಲ್ಲೇ ತಳ್ಳುವುದು ಸುಲಭ.

ಬೆಂಗಳೂರಿನಿಂದ ಶ್ರೀಪೆರುಂಬುದೂರು ಹತ್ತಿರದ ಮದ್ರಾಸ್ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಹೋಗುವವರಿಗೆ ಈ ಟ್ರೇಲರ್ ದಾರಿಯನ್ನು ನಾನು ಹೇಳುವುದಿಲ್ಲ. ನಾಲ್ಕೈದು ಜನ ಸೇರಿ ಒಂದು ಟೆಂಪೊ ಮಾಡಿ ಎಲ್ಲರ ಟೈರನ್ನೂ ಒಟ್ಟಿಗೆ ಕಳಿಸುವುದೇ ಮೇಲು.

ಟ್ರ್ಯಾಕಿನಲ್ಲಿ ಟೈರು ಬದಲಿಸಿದ ಮೇಲೆ ನಟ್ಟುಗಳನ್ನು ಕೈಪಿಡಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದಲೇ ಬಿಗಿಯಿರಿ, ಮೊದಲ ಓಟ ಮುಗಿಸಿ ಬಂದು ಮತ್ತೆ ನೋಡಿ. ಸಂಜೆ ರಸ್ತೆ ಟೈರು ಹಾಕುವಾಗಲೂ ಇದೇ ಶಿಸ್ತು ಇರಲಿ. ದಣಿವಿನಲ್ಲಿ ನಟ್ಟು ಸಡಿಲ ಬಿಡುವುದು ಆಗಲೇ. ಬಿಚ್ಚಿದ ರೇಸ್ ಟೈರು ಆರುವ ತನಕ ಜಲ್ಲಿಯ ಮೇಲೆ ಉರುಳಿಸಬೇಡಿ, ಅಂಟಿದ ಕಲ್ಲನ್ನೆಲ್ಲ ಹೊತ್ತು ತರುತ್ತದೆ. ಮನೆಯಲ್ಲಿ ಬಿಸಿಲು ಬೀಳದ ಕಡೆ ಇಡಿ. ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವ ಶೆಡ್ಡಿನಲ್ಲಿ ಬೇಡ, ಆ ಚಳಿಗೆ ಹೂಸಿಯರ್ ರಬ್ಬರು ಸೀಳಬಹುದು.