ದೂರು ಮಂಗಳೂರಿನಲ್ಲಿ, ದಾಖಲೆ ಅಮೆರಿಕದಲ್ಲಿ

ಸಾಮಾಜಿಕ ಜಾಲತಾಣದಲ್ಲಿ ನಕಲಿ ಖಾತೆ ತೆರೆದವರು ಯಾರೆಂದು ತಿಳಿಯಲು ಪೊಲೀಸರಿಗೆ ಅಷ್ಟು ಕಾಲ ಏಕೆ ಬೇಕು? ಮಂಗಳೂರು, ಉಡುಪಿಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿಗೆ ಅಲೆದವರೆಲ್ಲ ಕೇಳುವ ಪ್ರಶ್ನೆ ಇದು. ಕಾನೂನಿಗೇನೂ ಬರವಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರಲ್ಲಿ ಬಂತು, 2008ರಲ್ಲಿ ತಿದ್ದುಪಡಿಯಾಯಿತು, ಆನ್‌ಲೈನ್‌ನ ಆಕ್ಷೇಪಾರ್ಹ ಸಂದೇಶಗಳಿಗೆ ಶಿಕ್ಷೆ ವಿಧಿಸುತ್ತಿದ್ದ, ಮನಬಂದಂತೆ ಬಳಕೆಯಾಗುತ್ತಿದ್ದ 66ಎ ಸೆಕ್ಷನ್ 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ತೊಡಕಿರುವುದು ಶಿಕ್ಷೆಯಲ್ಲಲ್ಲ, ಆರೋಪಿಯ ಹೆಸರು ಪತ್ತೆ ಮಾಡುವಲ್ಲಿ.

ಕರಾವಳಿಗೆ ಇದರ ಬಿಸಿ ತಟ್ಟಿದ್ದು 2020ರಲ್ಲಿ. ಸೌದಿ ಅರೇಬಿಯಾದಲ್ಲಿ ದುಡಿಯುತ್ತಿದ್ದ ಮಂಗಳೂರಿನವರೊಬ್ಬರ ಹೆಸರಿನಲ್ಲಿ ಯಾರೋ ಫೇಸ್‌ಬುಕ್ ಖಾತೆ ತೆರೆದು ಅಲ್ಲಿನ ದೊರೆಯನ್ನು ನಿಂದಿಸಿದರು. ಮನೆಯವರು ಇಲ್ಲಿ ದೂರು ಕೊಟ್ಟರು. ಅಷ್ಟರಲ್ಲಿ ಅಲ್ಲಿ ಆ ಮಂಗಳೂರಿನವರ ಬಂಧನವಾಗಿತ್ತು, ಮುಂದೆ 15 ವರ್ಷಗಳ ಶಿಕ್ಷೆಯೂ ಆಯಿತು. ಪೊಲೀಸರು ಕಂಪನಿಗೆ ಪತ್ರ ಬರೆದು ಕಾದರು. ಕೊನೆಗೆ 2023ರ ಜೂನ್‌ನಲ್ಲಿ ರಾಜ್ಯ ಹೈಕೋರ್ಟ್, ತನಿಖೆಗೆ ಸಹಕರಿಸದಿದ್ದರೆ ದೇಶದಲ್ಲಿ ಫೇಸ್‌ಬುಕ್ ಚಟುವಟಿಕೆಯನ್ನೇ ನಿಲ್ಲಿಸಲು ಆದೇಶಿಸಬೇಕಾದೀತು ಎಂದು ಎಚ್ಚರಿಸಿತು. ಒಂದು ಖಾತೆಯ ವಿವರಕ್ಕೆ ಇಷ್ಟು!

ಪತ್ರದ ದಾರಿಯೇ ಹಾಗಿದೆ. ಮೊಬೈಲ್ ಸಂಖ್ಯೆ, ಐಪಿ ವಿಳಾಸ (ಇಂಟರ್‌ನೆಟ್ ಸಂಪರ್ಕದ ಗುರುತು ಸಂಖ್ಯೆ)ದಂಥ ಮೂಲ ವಿವರಗಳನ್ನು ಕಂಪನಿ ತಾನಾಗಿ ಕೊಡಬಹುದು. ಖಾಸಗಿ ಸಂದೇಶಗಳು ಬೇಕೆಂದರೆ ಅಮೆರಿಕದ ಕಾನೂನು ಅಡ್ಡ ಬರುತ್ತದೆ. ಆಗ 2001ರಲ್ಲಿ ಸಹಿಯಾದ ಪರಸ್ಪರ ಕಾನೂನು ನೆರವು ಒಪ್ಪಂದವೇ ಗತಿ. ಕೋರಿಕೆ ದೆಹಲಿಯ ಗೃಹ ಸಚಿವಾಲಯ ದಾಟಿ, ಅಮೆರಿಕದ ನ್ಯಾಯ ಇಲಾಖೆ ಮುಟ್ಟಿ, ಅಲ್ಲಿನ ನ್ಯಾಯಾಲಯದ ಆದೇಶ ಪಡೆದು ಮರಳಬೇಕು. ಐಪಿ ವಿಳಾಸ ಸಿಕ್ಕಿದರೂ ಮುಗಿಯಲಿಲ್ಲ. ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಏಕಕಾಲಕ್ಕೆ ಹಲವು ಗ್ರಾಹಕರಿಗೆ ಹಂಚುತ್ತವೆ. ಅವರಲ್ಲಿ ಒಬ್ಬೊಬ್ಬರ ಸಂಪರ್ಕವನ್ನು ಬೇರ್ಪಡಿಸುವ ಪೋರ್ಟ್ ಸಂಖ್ಯೆ, ನಿಖರ ಸಮಯ ಇಲ್ಲದಿದ್ದರೆ ಬಹುಮಹಡಿ ಕಟ್ಟಡದ ಹೆಸರು ಸಿಕ್ಕಿ ಮನೆ ಸಂಖ್ಯೆ ಸಿಗದಂತಾಗುತ್ತದೆ.

ತನಿಖಾ ಸಂಸ್ಥೆ ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ಮಾಹಿತಿ ಕೊಡಬೇಕೆಂದು 2021ರ ಐಟಿ ನಿಯಮಗಳು ಹೇಳಿದವು. ಮುಚ್ಚಿದ ಖಾತೆಯ ನೋಂದಣಿ ವಿವರವನ್ನು 180 ದಿನ ಉಳಿಸಿಕೊಳ್ಳಬೇಕೆಂದೂ ಹೇಳಿದವು. ಇತ್ತ ಐಟಿ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಸೈಬರ್, ಆರ್ಥಿಕ, ಮಾದಕವಸ್ತು ಮೂರನ್ನೂ ಹೊತ್ತ ಠಾಣೆಯಲ್ಲಿ ಆ 180 ದಿನ ಕರಗುವುದು ಕಷ್ಟವೇನಲ್ಲ.

ದೂರುದಾರರು ಹೆಚ್ಚಾಗಿ ತರುವುದು ಸ್ಕ್ರೀನ್‌ಶಾಟ್. ಖಾತೆಯ ಹೆಸರು, ಫೋಟೊ ಯಾವಾಗ ಬೇಕಾದರೂ ಬದಲಾಗುತ್ತವೆ; ಕಂಪನಿ ಕೇಳುವುದು ಯುಆರ್‌ಎಲ್, ಅಂದರೆ ಖಾತೆಯ ವೆಬ್ ವಿಳಾಸ. ಖಾತೆಯನ್ನು ರಿಪೋರ್ಟ್ ಮಾಡಿ ತೆಗೆಸುವ ಮೊದಲೇ ಆ ವಿಳಾಸವನ್ನು ಬರೆದಿಟ್ಟುಕೊಳ್ಳಬೇಕು.