ಚೌಕ ಎಳೆದವರು ಯಾರೋ, ರಸ್ತೆ ಹಾಕಿದವರು ಯಾರೋ: ಅಮೆರಿಕದ ಟೌನ್‌ಶಿಪ್‌ಗಳ ಹಿನ್ನೆಲೆ

ಮಾರ್ಚ್ ತಿಂಗಳ ಎರಡನೇ ಮಂಗಳವಾರ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಆಗಿನ್ನೂ ಹಿಮ ಪೂರ್ತಿ ಕರಗಿರುವುದಿಲ್ಲ. ಆ ದಿನ ಹಳ್ಳಿಗಾಡಿನ ಟೌನ್‌ಶಿಪ್‌ಗಳ ವಾರ್ಷಿಕ ಸಭೆ. ಕ್ಲರ್ಕ್ ಸಭೆ ಶುರು ಮಾಡುತ್ತಾರೆ. ಬಂದವರು ತಮ್ಮೊಳಗೇ ಒಬ್ಬರನ್ನು ಸಭೆ ನಡೆಸಲು ಆರಿಸಿಕೊಳ್ಳುತ್ತಾರೆ. ಆಮೇಲೆ ಅಸಲಿ ವಿಷಯ: ರಸ್ತೆಗೆ ಎಷ್ಟು, ಬೆಂಕಿ ಆರಿಸುವ ವ್ಯವಸ್ಥೆಗೆ ಎಷ್ಟು, ಒಟ್ಟು ಎಷ್ಟು ತೆರಿಗೆ ಹಾಕಿಕೊಳ್ಳೋಣ? ಆ ಟೌನ್‌ಶಿಪ್‌ನಲ್ಲಿ ಮತದ ಹಕ್ಕಿರುವ ಯಾರು ಬೇಕಾದರೂ ಬಂದು ಮತ ಹಾಕಬಹುದು. ಅವರು ಒಪ್ಪಿದ ಮೊತ್ತವನ್ನು ಚುನಾಯಿತ ಸೂಪರ್‌ವೈಸರ್‌ಗಳು ಏರಿಸುವಂತಿಲ್ಲ. ಹವಾಮಾನ ಕೆಟ್ಟರೆ ಸಭೆಯನ್ನು ಮುಂದಿನ ಮಂಗಳವಾರಕ್ಕೆ ಹಾಕಬಹುದು ಅಂತ ಕಾನೂನಿನಲ್ಲೇ ಬರೆದಿದ್ದಾರೆ.

ಟೌನ್‌ಶಿಪ್ ಅಂದ ತಕ್ಷಣ ನಮಗೆ ಕಾರ್ಖಾನೆಯವರ ಕ್ವಾರ್ಟರ್ಸ್ ನೆನಪಾಗುತ್ತದೆ, ಇಲ್ಲವೇ ಗೇಟು ಹಾಕಿದ ಹೊಸ ಬಡಾವಣೆ. ಅಲ್ಲಿ ಹಾಗಲ್ಲ. ಅಲ್ಲಿ ಅದು ಸರ್ಕಾರದ ಒಂದು ಮೆಟ್ಟಿಲು. ರಾಜ್ಯದ ಕೆಳಗೆ ಕೌಂಟಿ, ಕೌಂಟಿಯೊಳಗೆ ಟೌನ್‌ಶಿಪ್. 2022ರ ಸರ್ಕಾರಿ ಎಣಿಕೆಯಂತೆ ಅಮೆರಿಕದಲ್ಲಿ 90,837 ಸ್ಥಳೀಯ ಸರ್ಕಾರಗಳಿವೆ. ಅವುಗಳಲ್ಲಿ 16,214 ಟೌನ್ ಅಥವಾ ಟೌನ್‌ಶಿಪ್‌ಗಳು. ಹೆಸರು ಒಂದೇ ಆದರೂ ಗಾತ್ರ ಒಂದೇ ಅಲ್ಲ. ನ್ಯೂಯಾರ್ಕ್ ನಗರದ ಪಕ್ಕದ ಹೆಂಪ್‌ಸ್ಟೆಡ್ ಎಂಬ ಟೌನ್‌ನಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಜನರಿದ್ದಾರೆ. ಕೆಲವು ಟೌನ್‌ಶಿಪ್‌ಗಳ ಜನರನ್ನೆಲ್ಲ ಸೇರಿಸಿದರೂ ಒಂದು ಮದುವೆ ಛತ್ರ ತುಂಬುವುದಿಲ್ಲ. ಇಲ್ಲಿ ಹೇಳಹೊರಟಿದ್ದು ಈ ಎರಡನೇ ಬಗೆಯವುಗಳ ಕಥೆ.

ಇವು ದೇಶದ ಎಲ್ಲ ಕಡೆ ಇಲ್ಲ. 50 ರಾಜ್ಯಗಳಲ್ಲಿ 20ರಲ್ಲಿ ಮಾತ್ರ, ಅದೂ ಈಶಾನ್ಯ ಮತ್ತು ಮಧ್ಯಪಶ್ಚಿಮದಲ್ಲೇ ಹೆಚ್ಚು. ದಕ್ಷಿಣದ ರಾಜ್ಯಗಳಲ್ಲಿ ಕೌಂಟಿಯೇ ಎಲ್ಲ. ಯಾಕೆ ಹೀಗೆ ಅಂತ ಹುಡುಕಿಕೊಂಡು ಹೋದರೆ ಎರಡು ಬೇರೆ ಬೇರೆ ಬೇರು ಸಿಗುತ್ತವೆ.

ಮೊದಲನೆಯದು ದೇಶದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್. 1630ರ ದಶಕದಲ್ಲಿ ಅಲ್ಲಿಗೆ ಬಂದು ನೆಲೆಸಿದ ಇಂಗ್ಲಿಷರು ಪ್ರಾರ್ಥನಾ ಮಂದಿರದ ಸುತ್ತ ಒತ್ತೊತ್ತಾಗಿ ಮನೆ ಕಟ್ಟಿಕೊಂಡರು. 1636ರಲ್ಲಿ ಮ್ಯಾಸಚೂಸೆಟ್ಸ್‌ನ ಶಾಸನಸಭೆ ಟೌನ್‌ಗಳಿಗೆ ತಮ್ಮ ಜಮೀನು ಹಂಚಿಕೊಳ್ಳುವ, ತಮ್ಮ ಕಟ್ಟಳೆ ತಾವೇ ಮಾಡಿಕೊಳ್ಳುವ ಅಧಿಕಾರ ಕೊಟ್ಟಿತು. ಬರೀ ಅಧಿಕಾರವಲ್ಲ, ಜವಾಬ್ದಾರಿಯೂ ಬಂತು. 50 ಮನೆಗಳಿರುವ ಟೌನ್ ಓದು ಬರಹ ಕಲಿಸಲು ಒಬ್ಬ ಮೇಷ್ಟ್ರನ್ನು ಇಡಲೇಬೇಕು ಅಂತ 1647ರಲ್ಲಿ ಕಾನೂನಾಯಿತು. ಟೌನ್ ಸಭೆಯಲ್ಲಿ ಆರಿಸುತ್ತಿದ್ದ ಹುದ್ದೆಗಳ ಪಟ್ಟಿ ನೋಡಿದರೆ ನಗು ಬರುತ್ತದೆ. ಬೀದಿಗೆ ಬಿದ್ದ ಹಂದಿ ಹಿಡಿಯುವವನು, ಬಿಡಾಡಿ ದನಗಳ ದೊಡ್ಡಿ ಕಾಯುವವನು, ಅಕ್ಕಪಕ್ಕದ ಜಮೀನಿನವರ ಬೇಲಿ ಜಗಳ ಬಗೆಹರಿಸುವವನು. ಎಲ್ಲವೂ ಚುನಾವಣೆಯಿಂದ! ಆದರೆ ಬೇಲಿ ದಾಟಿದ ಹಂದಿಗಿಂತ ದೊಡ್ಡ ರಾಜಕೀಯ ಸಮಸ್ಯೆ ಹಳ್ಳಿಯಲ್ಲಿ ಇನ್ನೇನಿತ್ತು ಹೇಳಿ.

ಅಮೆರಿಕದ ಮೂರನೇ ಅಧ್ಯಕ್ಷರಾಗಿದ್ದ, ದಕ್ಷಿಣದ ವರ್ಜೀನಿಯಾದ ಥಾಮಸ್ ಜೆಫರ್ಸನ್‌ಗೆ ಇದನ್ನು ಕಂಡು ಹೊಟ್ಟೆಕಿಚ್ಚೇ ಆಗಿತ್ತು ಅನ್ನಬಹುದು. ಅವರ ರಾಜ್ಯದಲ್ಲಿ ಬರೀ ಕೌಂಟಿಗಳಿದ್ದವು. ಕೌಂಟಿ ಅಂದರೆ ದೊಡ್ಡ ಜಮೀನುದಾರರ ಆಡಳಿತ. ಕೌಂಟಿಗಳನ್ನು ಸಣ್ಣ ಸಣ್ಣ ವಾರ್ಡುಗಳಾಗಿ ಒಡೆಯಬೇಕು, ಪ್ರತಿಯೊಬ್ಬನೂ ಸಭೆಗೆ ಖುದ್ದಾಗಿ ಬರುವಷ್ಟು ಚಿಕ್ಕದಾಗಿರಬೇಕು ಅಂತ 1816ರಲ್ಲೂ ಅವರು ಪತ್ರ ಬರೆಯುತ್ತಲೇ ಇದ್ದರು. ವರ್ಜೀನಿಯಾ ಕೇಳಲಿಲ್ಲ.

ಎರಡನೇ ಬೇರು ಇರುವುದು ಪಶ್ಚಿಮದ ಜಮೀನಿನಲ್ಲಿ, ನ್ಯೂ ಇಂಗ್ಲೆಂಡಿಗೆ ತೀರಾ ಉಲ್ಟಾ. ಅಲ್ಲಿ ಜನ ಇರಲಿಲ್ಲ, ಬರೀ ನಕ್ಷೆ ಇತ್ತು. ಸರಿಯಾಗಿ ಹೇಳಬೇಕೆಂದರೆ ಶಾವ್ನೀ, ಡೆಲವೇರ್, ವಯಾಂಡಾಟ್ ಮುಂತಾದ ಮೂಲನಿವಾಸಿಗಳಿದ್ದರು. ನಕ್ಷೆ ಬರೆದವರು ಅವರನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಸ್ವಾತಂತ್ರ್ಯ ಯುದ್ಧ ಮುಗಿದಾಗ ಹೊಸ ದೇಶದ ಮೈತುಂಬಾ ಸಾಲ. ಇದ್ದ ಆಸ್ತಿ ಅಂದರೆ ಪಶ್ಚಿಮದ ಜಮೀನು. ಅದನ್ನು ಮಾರಬೇಕಾದರೆ ಮೊದಲು ಅಳೆಯಬೇಕು. 1785ರ ಮೇ 20ರಂದು ಬಂದ ಭೂ ಕಾಯ್ದೆ ಇದಕ್ಕೆ ಒಂದು ಸರಳ ಉಪಾಯ ಹೇಳಿತು. ನೆಲವನ್ನೆಲ್ಲ ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳಾಗಿ ಕತ್ತರಿಸಿ. ಒಂದೊಂದು ಚೌಕ ಒಂದು ಟೌನ್‌ಶಿಪ್. ಅದರೊಳಗೆ ಒಂದು ಚದರ ಮೈಲಿಯ 36 ಸೆಕ್ಷನ್‌ಗಳು. ಸೆಕ್ಷನ್‌ಗೆ 640 ಎಕರೆ, ಎಕರೆಗೆ ಕನಿಷ್ಠ ಒಂದು ಡಾಲರ್.

ಅಳತೆಗೆ ಬಳಸಿದ್ದು 66 ಅಡಿಯ ಸರಪಳಿ. 80 ಸರಪಳಿ ಹಾಕಿದರೆ ಒಂದು ಮೈಲಿ. (ಇದರ ಅರ್ಧ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಅಂದರೆ ನಮ್ಮ ಒಂದು ಗುಂಟೆ. ಇಂಗ್ಲಿಷರ ಎಕರೆ ಹೋದಲ್ಲೆಲ್ಲ ಈ ಲೆಕ್ಕ ಹಿಂದೆಯೇ ಬಂದಿದೆ.) ಥಾಮಸ್ ಹಚಿನ್ಸ್ ಎಂಬ ಅಧಿಕಾರಿ 1785ರ ಸೆಪ್ಟೆಂಬರ್ 30ರಂದು ಓಹಾಯೋ ನದಿಯ ದಡದಲ್ಲಿ ಮೊದಲ ಗೆರೆ ಎಳೆಯಲು ಶುರು ಮಾಡಿದರು. ಹೆಚ್ಚು ದೂರ ಹೋಗಲಿಲ್ಲ. ಮೂಲನಿವಾಸಿಗಳ ದಾಳಿಯ ಸುದ್ದಿ ಕೇಳಿ ಕೆಲವೇ ದಿನಗಳಲ್ಲಿ ಕೆಲಸ ನಿಲ್ಲಿಸಿ ವಾಪಸ್ ಬಂದರು. ಅವರ ಜಮೀನಿನಲ್ಲಿ ಅವರನ್ನು ಕೇಳದೆ ಸರಪಳಿ ಎಳೆದರೆ ಇನ್ನೇನಾಗುತ್ತದೆ? ಯುದ್ಧ ನಡೆಯಿತು. 1795ರ ಗ್ರೀನ್‌ವಿಲ್ ಒಪ್ಪಂದದಲ್ಲಿ ಆ ಜನ ಓಹಾಯೋದ ಬಹುಪಾಲು ನೆಲ ಬಿಟ್ಟುಕೊಡಬೇಕಾಯಿತು. ಆಮೇಲೆ ಚೌಕಗಳು ಸರಾಗವಾಗಿ ಪಶ್ಚಿಮಕ್ಕೆ ಹರಿದವು. ನದಿ, ಗುಡ್ಡ, ಜೌಗು ಏನೇ ಅಡ್ಡ ಬಂದರೂ ಗೆರೆ ನೇರ. ಭೂಮಿ ಗುಂಡಗಿರುವುದರಿಂದ ಚೌಕ ಸರಿಯಾಗಿ ಕೂರುವುದಿಲ್ಲ ಅಲ್ವಾ? ಆ ಹೆಚ್ಚು ಕಡಿಮೆಯನ್ನೆಲ್ಲ ಪ್ರತಿ ಟೌನ್‌ಶಿಪ್‌ನ ಉತ್ತರ ಮತ್ತು ಪಶ್ಚಿಮದ ಅಂಚಿನ ಸೆಕ್ಷನ್‌ಗಳಿಗೆ ತಳ್ಳಿದರು.

1796ರ ಕಾಯ್ದೆಯಿಂದ ಈ 36 ಸೆಕ್ಷನ್‌ಗಳಿಗೆ ನಂಬರ್ ಕೊಡುವ ರೀತಿ ಬದಲಾಯಿತು. ಈಶಾನ್ಯ ಮೂಲೆಯಲ್ಲಿ ಒಂದು ಅಂತ ಶುರು ಮಾಡಿ ಪಶ್ಚಿಮಕ್ಕೆ ಆರು, ಕೆಳಗಿಳಿದು ತಿರುಗಿ ಪೂರ್ವಕ್ಕೆ ಆರು. ಎತ್ತು ನೇಗಿಲು ಎಳೆದುಕೊಂಡು ಸಾಲು ಮುಗಿಸಿ ಹಿಂದಕ್ಕೆ ತಿರುಗುತ್ತದಲ್ಲ, ಥೇಟ್ ಹಾಗೆ. ಹೀಗೆ ಎಣಿಸಿದಾಗ 16ನೇ ಸೆಕ್ಷನ್ ಹೆಚ್ಚು ಕಡಿಮೆ ನಡುವಿಗೆ ಬರುತ್ತದೆ. ಆ ಸೆಕ್ಷನ್ ಶಾಲೆಗೆ ಮೀಸಲು ಅಂತ 1785ರಲ್ಲೇ ಗೊತ್ತು ಮಾಡಿದ್ದರು. ಅದನ್ನು ಮಾರಿದ ಅಥವಾ ಗುತ್ತಿಗೆ ಕೊಟ್ಟ ಹಣ ಶಾಲೆಗೆ ಹೋಗಬೇಕು. ನನಗೆ ಅನಿಸುವಂತೆ, ಬರೀ ಮಾರಾಟದ ಚೌಕವಾಗಿದ್ದದ್ದು ಊರಾಗುವ ಮೊದಲ ಸುಳಿವು ಇಲ್ಲೇ ಇದೆ. ನೋಡಿಕೊಳ್ಳಬೇಕಾದ ಸಾಮೂಹಿಕ ಆಸ್ತಿ ಅಂತ ಒಂದಿದ್ದರೆ, ನೋಡಿಕೊಳ್ಳುವವರೂ ಬೇಕಾಗುತ್ತಾರೆ.

ಓಹಾಯೋದಲ್ಲಿ 1804ರ ಹೊತ್ತಿಗೆ ಪ್ರತಿ ಟೌನ್‌ಶಿಪ್‌ಗೆ ಆಡಳಿತ ನೋಡಿಕೊಳ್ಳುವ ಮೂವರು ಟ್ರಸ್ಟಿಗಳು, ಒಬ್ಬ ಕ್ಲರ್ಕ್, ಬಡವರನ್ನು ನೋಡಿಕೊಳ್ಳಲು ಇಬ್ಬರು, ರಸ್ತೆಗೆ ಬೇಕಾದಷ್ಟು ಮೇಲ್ವಿಚಾರಕರು ಇದ್ದರು. ಇವತ್ತಿಗೂ ಅಲ್ಲಿ ಮೂವರೇ ಟ್ರಸ್ಟಿಗಳು. ಎಲ್ಲ ಕಡೆ ನಕ್ಷೆಯ ಚೌಕವೂ ಆಡಳಿತದ ಗಡಿಯೂ ಒಂದೇ ಆಗಲಿಲ್ಲ, ನದಿ ಬಂದ ಕಡೆ ಬದಲಾಯಿತು. ಆದರೂ ಮಧ್ಯಪಶ್ಚಿಮದ ಮೇಲೆ ವಿಮಾನದಲ್ಲಿ ಹೋದವರಿಗೆ ಕೆಳಗೆ ಚದುರಂಗದ ಮಣೆ ಹಾಸಿದಂತೆ ಕಾಣುವುದು ಈ ಗೆರೆಗಳೇ.

ಯಾರು ಬಂದು ನೆಲೆಸಿದರು ಅನ್ನುವುದೂ ಲೆಕ್ಕಕ್ಕೆ ಬಂತು. ಇಲಿನಾಯ್ ಇದಕ್ಕೆ ಒಳ್ಳೆಯ ಉದಾಹರಣೆ. ಉತ್ತರ ಭಾಗಕ್ಕೆ ನ್ಯೂ ಇಂಗ್ಲೆಂಡ್, ನ್ಯೂಯಾರ್ಕ್ ಕಡೆಯವರು ಬಂದರು. ದಕ್ಷಿಣಕ್ಕೆ ಕೆಂಟಕಿ, ವರ್ಜೀನಿಯಾದವರು. ಟೌನ್ ಸಭೆ ಬೇಕು ಅನ್ನುವವರು ಉತ್ತರದವರು, ಕೌಂಟಿ ಸಾಕು ಅನ್ನುವವರು ದಕ್ಷಿಣದವರು. 1848ರ ರಾಜ್ಯ ಸಂವಿಧಾನ ಜಾಣತನದಿಂದ ಜಾರಿಕೊಂಡಿತು: ಆಯಾ ಕೌಂಟಿಯವರು ಮತ ಹಾಕಿ ತೀರ್ಮಾನಿಸಿಕೊಳ್ಳಲಿ. ಇವತ್ತಿಗೂ 102 ಕೌಂಟಿಗಳಲ್ಲಿ 85ರಲ್ಲಿ ಟೌನ್‌ಶಿಪ್‌ಗಳಿವೆ, 17ರಲ್ಲಿ ಇಲ್ಲ. ಬಂದವರು ತಮ್ಮ ಸಾಮಾನಿನ ಜೊತೆ ಸರ್ಕಾರವನ್ನೂ ಗಾಡಿಗೆ ಹೇರಿಕೊಂಡು ಬಂದಿದ್ದರು.

ಈ ಪುಟ್ಟ ಸರ್ಕಾರಗಳ ಮುಖ್ಯ ಕೆಲಸ ರಸ್ತೆ. ಹಣ ಕಡಿಮೆ ಇದ್ದ ಕಾಲದಲ್ಲಿ ರಸ್ತೆ ತೆರಿಗೆಯನ್ನು ಮೈಮುರಿದು ದುಡಿದು ತೀರಿಸಬಹುದಿತ್ತು. ವರ್ಷಕ್ಕೆ ಕೆಲವು ದಿನ ಸಲಿಕೆ ಹಿಡಿದು, ಕುದುರೆ ಗಾಡಿ ತಂದು ಕೆಲಸ ಮಾಡಬೇಕು. ಕೆಲಸ ಹೇಗಾಗುತ್ತಿತ್ತು ಅಂತ ಕೇಳಬೇಡಿ. ಊರವರೆಲ್ಲ ಸೇರಿ ಹರಟೆ ಹೊಡೆಯಲು ಒಳ್ಳೆಯ ನೆಪವಂತೂ ಆಗಿತ್ತು. ಕಾರು ಬಂದ ಮೇಲೆ ಇದು ಸಾಕಾಗಲಿಲ್ಲ. ಕುದುರೆ ಹೇಗೋ ದಾಟುತ್ತಿದ್ದ ಕೆಸರಿನಲ್ಲಿ ಕಾರು ಹೂತುಹೋಗುತ್ತಿತ್ತು. 1929ರಲ್ಲಿ ಅಯೋವಾ ರಾಜ್ಯ ಟೌನ್‌ಶಿಪ್ ರಸ್ತೆಗಳನ್ನು ಕೌಂಟಿಗಳಿಗೆ ಕೊಟ್ಟಿತು. 1931ರಲ್ಲಿ ಪೆನ್ಸಿಲ್ವೇನಿಯಾದ ಗವರ್ನರ್ ಗಿಫರ್ಡ್ ಪಿಂಚೊ ರೈತರನ್ನು ಕೆಸರಿನಿಂದ ಮೇಲೆತ್ತುತ್ತೇನೆ ಅಂತ ಹೇಳಿ ಸುಮಾರು 20,000 ಮೈಲಿ ಹಳ್ಳಿ ರಸ್ತೆಯನ್ನು ರಾಜ್ಯದ ಕೈಗೆ ತೆಗೆದುಕೊಂಡರು.

ಇಲ್ಲಿಂದ ಎರಡೂ ರಾಜ್ಯಗಳ ದಾರಿ ಬೇರೆಯಾಯಿತು. ಪೆನ್ಸಿಲ್ವೇನಿಯಾದ ಟೌನ್‌ಶಿಪ್‌ಗಳ ಹತ್ತಿರ ಇನ್ನೂ ಬೇಕಾದಷ್ಟು ರಸ್ತೆ ಉಳಿದಿತ್ತು, ಜೊತೆಗೆ ಬೇರೆ ಅಧಿಕಾರಗಳೂ ಇದ್ದವು. ಹಾಗಾಗಿ ಅವು ಗಟ್ಟಿಯಾಗೇ ಇವೆ. ಅಯೋವಾದಲ್ಲಿ ಟೌನ್‌ಶಿಪ್ ಅಂತ ಹೆಸರಿದೆ, ಟ್ರಸ್ಟಿಗಳಿದ್ದಾರೆ. ಬೆಂಕಿ, ಸ್ಮಶಾನ, ಬೇಲಿ ನೋಡಿಕೊಳ್ಳುತ್ತಾರೆ. ಆದರೆ ಸರ್ಕಾರಿ ಎಣಿಕೆಯಲ್ಲಿ ಅವನ್ನು ಸ್ವತಂತ್ರ ಸರ್ಕಾರ ಅಂತ ಲೆಕ್ಕ ಹಾಕುವುದೇ ಇಲ್ಲ. ಟೌನ್‌ಶಿಪ್ ತೀರಾ ಸಣ್ಣದು, ಅದಕ್ಕೇ ಸಾಯುತ್ತದೆ ಅಂತ ಬಹಳ ಜನ ಬರೆಯುತ್ತಾರೆ. ನನಗೆ ಹಾಗನಿಸುವುದಿಲ್ಲ. ಸಾಯುವುದು ಕೆಲಸ ಕಿತ್ತುಕೊಂಡಾಗ.

ಇಂಡಿಯಾನಾದ ಕಥೆ ನೋಡಿ. ಅಲ್ಲಿ ಟೌನ್‌ಶಿಪ್ ಟ್ರಸ್ಟಿ ಒಂದು ಕಾಲಕ್ಕೆ ಊರಿನ ಯಜಮಾನ. ಶಾಲೆ ನಡೆಸುವವನು ಅವನೇ, ಬಡವರಿಗೆ ನೆರವು ಕೊಡುವವನೂ ಅವನೇ. 1959ರ ಕಾನೂನಿನಿಂದ ಸಣ್ಣ ಶಾಲೆಗಳು ಒಂದಾಗಿ ದೊಡ್ಡ ಶಾಲಾ ಜಿಲ್ಲೆಗಳಾದವು. ಉಳಿದ ಮುಖ್ಯ ಕೆಲಸ ಬಡವರ ನೆರವು: ಬಾಡಿಗೆ ಕಟ್ಟಲಾಗದವರಿಗೆ, ಕರೆಂಟ್ ಬಿಲ್ ಬಾಕಿ ಇರುವವರಿಗೆ, ಶವಸಂಸ್ಕಾರಕ್ಕೆ ದುಡ್ಡಿಲ್ಲದವರಿಗೆ. 2007ರಲ್ಲಿ ಮಾಜಿ ಗವರ್ನರ್ ಜೋ ಕರ್ನನ್ ಮತ್ತು ಮುಖ್ಯ ನ್ಯಾಯಮೂರ್ತಿ ರ‍್ಯಾಂಡಲ್ ಶೆಪರ್ಡ್ ನೇತೃತ್ವದ ಆಯೋಗ ಟೌನ್‌ಶಿಪ್ ಮಟ್ಟವನ್ನೇ ತೆಗೆದು ಕೆಲಸಗಳನ್ನು ಕೌಂಟಿಗೆ ಕೊಡಿ ಅಂತ ಶಿಫಾರಸು ಮಾಡಿತು. ದೂರುಗಳು ಸುಳ್ಳೇನಲ್ಲ. ಹಣ ಖರ್ಚಾಗದೆ ಸುಮ್ನೆ ಬಿದ್ದಿರುತ್ತಿತ್ತು, ನೆಂಟರಿಷ್ಟರಿಗೇ ಕೆಲಸ ಸಿಗುತ್ತಿತ್ತು. ನೆಂಟರ ನೇಮಕಕ್ಕೆ 2012ರಲ್ಲಿ ಕಾನೂನಿನ ಕಡಿವಾಣ ಬಿತ್ತು. ಹೆಚ್ಚಿನ ಕಡೆ ಆಸ್ತಿ ತೆರಿಗೆಗೆ ಬೆಲೆ ಕಟ್ಟುವ ಕೆಲಸವೂ ಟೌನ್‌ಶಿಪ್‌ಗಳ ಕೈ ತಪ್ಪಿತು. ಆದರೆ ಆಯೋಗ ಬಯಸಿದಂತೆ ಟೌನ್‌ಶಿಪ್‌ಗಳನ್ನು ಒಂದೇ ಏಟಿಗೆ ತೆಗೆಯಲಾಗಲಿಲ್ಲ.

ಮತದಾರರನ್ನೇ ಕೇಳಿದರೆ? ಇಲಿನಾಯ್‌ನ ಎವನ್‌ಸ್ಟನ್‌ನಲ್ಲಿ 2014ರಲ್ಲಿ ಟೌನ್‌ಶಿಪ್ ಬೇಡ ಅಂತ ಜನ ಮತ ಹಾಕಿದರು. ಅಲ್ಲಿ ನಗರದ ಗಡಿಯೂ ಟೌನ್‌ಶಿಪ್ ಗಡಿಯೂ ಒಂದೇ ಆಗಿತ್ತು. ಒಂದೇ ಮನೆಗೆ ಇಬ್ಬರು ಯಜಮಾನರು ಯಾಕೆ ಅನ್ನುವುದು ನ್ಯಾಯವಾದ ಪ್ರಶ್ನೆ. ಆದರೆ ಅದೇ ರಾಜ್ಯದ ಮೆಕ್‌ಹೆನ್ರಿ ಟೌನ್‌ಶಿಪ್‌ನವರು 2020ರಲ್ಲಿ ಇಂಥದ್ದೇ ಪ್ರಸ್ತಾಪವನ್ನು ತಳ್ಳಿಹಾಕಿದರು. ಉಳಿತಾಯದ ಲೆಕ್ಕ ಕಾಗದದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಮನೆ ಮುಂದಿನ ಹಿಮ ತೆಗೆಯಲು ಯಾರಿಗೆ ಫೋನ್ ಮಾಡಬೇಕು ಅನ್ನುವ ಪ್ರಶ್ನೆ ಆ ಲೆಕ್ಕದಲ್ಲಿ ಬರುವುದಿಲ್ಲ.

ಇತ್ತೀಚಿನ ಜಗಳ ಹಿಮದ್ದೂ ಅಲ್ಲ, ದುಡ್ಡಿನದ್ದೂ ಅಲ್ಲ. ನೆಲದ ಮೇಲೆ ಏನು ಬರಬೇಕು, ಏನು ಬರಬಾರದು ಅಂತ ಹೇಳುವ ಅಧಿಕಾರದ್ದು. ಪೆನ್ಸಿಲ್ವೇನಿಯಾದಲ್ಲಿ ನೆಲದಾಳದ ಬಂಡೆ ಸೀಳಿ ಅನಿಲ ತೆಗೆಯುವ ಕಂಪನಿಗಳು ಬಂದಾಗ, ಟೌನ್‌ಶಿಪ್‌ಗಳು ಅಡ್ಡಿ ಮಾಡದಂತೆ ರಾಜ್ಯ 2012ರಲ್ಲಿ ಕಾನೂನು ತಂದಿತು. ಮನೆಗಳಿರುವ ಪ್ರದೇಶದಲ್ಲೂ ಬಾವಿ ಕೊರೆಯಲು ಬಿಡಬೇಕಿತ್ತು. ರಾಬಿನ್‌ಸನ್ ಎಂಬ ಪುಟ್ಟ ಟೌನ್‌ಶಿಪ್ ಮತ್ತು ಅದರ ಜೊತೆಗೂಡಿದವರು ಕೋರ್ಟಿಗೆ ಹೋದರು. 2013ರ ಡಿಸೆಂಬರ್ 19ರಂದು ರಾಜ್ಯದ ಸುಪ್ರೀಂ ಕೋರ್ಟ್ ಕಾನೂನಿನ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಶುದ್ಧ ಗಾಳಿ, ನೀರು ಜನರ ಹಕ್ಕು ಅಂತ 1971ರಲ್ಲಿ ರಾಜ್ಯ ಸಂವಿಧಾನಕ್ಕೆ ಸೇರಿಸಿದ್ದ ಮಾತು ಅಷ್ಟು ವರ್ಷ ಹೆಚ್ಚು ಕಡಿಮೆ ಮಲಗೇ ಇತ್ತು. ಅದನ್ನು ಎಬ್ಬಿಸಿದವರಲ್ಲಿ ಈ ಹಳ್ಳಿ ಸರ್ಕಾರವೂ ಒಂದು.

ಮಿಷಿಗನ್‌ನಲ್ಲಿ ಗಾಳಿ ಬೇರೆ ಕಡೆ ಬೀಸಿತು. ಗ್ರೀನ್ ಚಾರ್ಟರ್ ಟೌನ್‌ಶಿಪ್‌ನಲ್ಲಿ ಚೀನಾ ನಂಟಿನ ಗೋಷನ್ ಕಂಪನಿಯ ಬ್ಯಾಟರಿ ಕಾರ್ಖಾನೆಗೆ ಬೆಂಬಲ ಕೊಟ್ಟಿದ್ದಕ್ಕೆ 2023ರ ನವೆಂಬರ್‌ನಲ್ಲಿ ಐವರು ಮಂಡಳಿ ಸದಸ್ಯರನ್ನು ಮತದಾರರು ಮಧ್ಯದಲ್ಲೇ ಮನೆಗೆ ಕಳಿಸಿದರು. ಕಾರ್ಖಾನೆ ಬೇಕಿತ್ತೋ ಬೇಡವೋ, ಆ ವಾದ ಬೇರೆ. ಅಲ್ಲಿ ಮತದಾರನ ಕೈಗೆ ಎಟುಕುವಷ್ಟು ಹತ್ತಿರ ಇದ್ದದ್ದು ಟೌನ್‌ಶಿಪ್ ಮಂಡಳಿ, ಏಟು ಬಿದ್ದದ್ದೂ ಅದಕ್ಕೆ.

ಅದೇ ತಿಂಗಳು ಮಿಷಿಗನ್ ಶಾಸನಸಭೆ ಇನ್ನೊಂದು ಕಾನೂನಿಗೆ ಒಪ್ಪಿಗೆ ಕೊಟ್ಟಿತು. ಊರೂರಿನಲ್ಲಿ ಸೋಲಾರ್, ಗಾಳಿ ವಿದ್ಯುತ್ ಯೋಜನೆಗಳಿಗೆ ಟೌನ್‌ಶಿಪ್‌ಗಳು ತಡೆ ಹಾಕುತ್ತಿದ್ದವು. ಹವಾಮಾನ ಬದಲಾವಣೆ ತಡೆಯಬೇಕಾದರೆ ಕಾಯುತ್ತಾ ಕೂರಲು ಪುರುಸೊತ್ತಿಲ್ಲ ಅನ್ನುವ ಸರ್ಕಾರದ ವಾದದಲ್ಲೂ ಹುರುಳಿದೆ. 2024ರ ನವೆಂಬರ್‌ನಿಂದ ಜಾರಿಗೆ ಬಂದ ಈ ಕಾನೂನಿನಂತೆ, 50 ಮೆಗಾವಾಟ್‌ನಿಂದ ಮೇಲಿನ ಸೋಲಾರ್ ಮತ್ತು 100 ಮೆಗಾವಾಟ್‌ನಿಂದ ಮೇಲಿನ ಗಾಳಿ ವಿದ್ಯುತ್ ಯೋಜನೆಗಳಿಗೆ ರಾಜ್ಯದ ಆಯೋಗವೇ ಅನುಮತಿ ಕೊಡಬಹುದು. ಹತ್ತಾರು ಟೌನ್‌ಶಿಪ್‌ಗಳು ಇದನ್ನು ಕೋರ್ಟಿನಲ್ಲಿ ಪ್ರಶ್ನಿಸಿದವು.

ಹೀಗೆ ಸಾವಿರ ಎಕರೆಯ ಸೋಲಾರ್ ಯೋಜನೆ ಎಲ್ಲಿ ಬರಬೇಕು ಅಂತ ಈಗ ರಾಜಧಾನಿ ಲ್ಯಾನ್ಸಿಂಗ್‌ನಲ್ಲಿ ಕೂತು ಹೇಳಬಹುದು. ಅದರ ಪಕ್ಕದ ಹೊಲದವರಿಬ್ಬರು ಬೇಲಿಗೆ ಕಿತ್ತಾಡಿದರೆ ಮಾತ್ರ, ಸ್ಥಳಕ್ಕೆ ಬಂದು ನೋಡಿ ಯಾರು ಎಷ್ಟು ಕಟ್ಟಬೇಕು ಅಂತ ಹೇಳುವವರು ಇನ್ನೂ ಟೌನ್‌ಶಿಪ್‌ನವರೇ.