ಸುಸ್ತಿಗೆ ಒಂದು ಬಾಟ್ಲಿ ಹಾಕಿಸ್ಕೊಂಡ್ರೆ ಶಕ್ತಿ ಬರುತ್ತಾ?

ಪ್ರಶ್ನೆ: ಮೇಡಂ, ಬೆಳಿಗ್ಗೆ ಏಳುವಾಗ್ಲೇ ಕೈಕಾಲು ಬಿದ್ದೋಗಿರುತ್ತೆ, ಕೆಲಸ ನೋಡಿದ್ರೆ ರಾಶಿ ಇದೆ. ಒಂದು ಬಾಟ್ಲಿ ಗ್ಲೂಕೋಸ್ ಏರಿಸ್ಕೊಂಡ್ರೆ ಶಕ್ತಿ ಬರುತ್ತಾ?

ಬರಲ್ಲ. ಶಿಡ್ಲಘಟ್ಟದಲ್ಲಿ ನರ್ಸ್ ಕೆಲಸಕ್ಕೆ ಸೇರಿದಾಗಿಂದ ಇದನ್ನೇ ಹೇಳ್ತಾ ಬಂದಿದೀನಿ, ಆದ್ರೂ ರೇಷ್ಮೆ ಹುಳ ಹಣ್ಣಾಗೋ ವಾರ, ಅಂದ್ರೆ ಗೂಡು ಕಟ್ಟೋಕೆ ತಯಾರಾಗೋ ವಾರ ಬಂತು ಅಂದ್ರೆ ಮತ್ತೆ ಅದೇ ಪ್ರಶ್ನೆ, ಅದಕ್ಕೆ ಈ ಸಲ ಲೆಕ್ಕ ಸಮೇತ ಬರೀತೀನಿ, ದಯವಿಟ್ಟು ಪೂರ್ತಿ ಓದಿ.

500 ಎಂಎಲ್ ಬಾಟ್ಲಿ ಮೇಲೆ 5% ಡೆಕ್ಸ್‌ಟ್ರೋಸ್ ಅಂತ ಇರುತ್ತಲ್ಲ, ಅಂದ್ರೆ ಒಳಗಿರೋದು 25 ಗ್ರಾಂ ಸಕ್ಕರೆ, ಐದಾರು ಟೀ ಸ್ಪೂನ್ ಅಷ್ಟೇ, ಮಿಕ್ಕಿದ್ದೆಲ್ಲ ನೀರು. ಹೆಚ್ಚಂದ್ರೆ 100 ಕ್ಯಾಲರಿ. ನೂರು ಗ್ರಾಂ ರಾಗಿ ಹಿಟ್ಟಲ್ಲಿ 300ಕ್ಕೂ ಜಾಸ್ತಿ ಇದೆ, ಹಂಗಾಗಿ ಮೂರು ಬಾಟ್ಲಿ ಸೇರಿದ್ರೂ ಅಷ್ಟು ಹಿಟ್ಟಲ್ಲಿ ನೀವು ಮನೇಲಿ ತಿರುವೋ ಒಂದು ಮುದ್ದೆಗೆ ಸಮ ಬರಲ್ಲ. ಇನ್ನು ಎನ್ಎಸ್, ಅಂದ್ರೆ ನಾರ್ಮಲ್ ಸಲೈನ್, ಅಂತ ಬರೆದಿರೋ ಬಾಟ್ಲಿಲಿ ಸಕ್ಕರೆನೇ ಇಲ್ಲ, ಬರೀ ಉಪ್ಪುನೀರು, ಅರ್ಧ ಲೀಟರಿಗೆ 4.5 ಗ್ರಾಂ ಉಪ್ಪು. ನಮ್ಮ ಕಡೆ ಎಲ್ಲದಕ್ಕೂ ಗ್ಲೂಕೋಸ್ ಅಂತಾನೇ ಹೆಸರು.

"ಹೋದ್ಸಲ ಹಾಕಿಸ್ಕೊಂಡಾಗ ಚೆನ್ನಾಗಾಯ್ತಲ್ಲ ಮೇಡಂ" ಅಂತೀರ. ಆಯ್ತು, ನಾನೇ ನೋಡಿದೀನಿ. ಒಬ್ರು ಬಂದಿದ್ರು, ಬೆರಳ ತುದಿಯೆಲ್ಲ ಹಿಪ್ಪುನೇರಳೆ ಸೊಪ್ಪಿನ ಕರೆ, ಸೂಜಿ ಚುಚ್ಚಿ ಟೇಪ್ ಅಂಟಿಸೋಷ್ಟರಲ್ಲಿ ಕಣ್ಣು ಮುಚ್ಚಿದೋರು ಬಾಟ್ಲಿ ಖಾಲಿಯಾದ್ರೂ ಎದ್ದಿಲ್ಲ. ಐದನೇ ಹಂತದ ಹುಳ, ಅಂದ್ರೆ ಗೂಡು ಕಟ್ಟೋಕೆ ಮುಂಚಿನ ಕೊನೇ ಹಂತದ್ದು, ರಾತ್ರಿ ಹಗಲು ಮೇಯುತ್ತೆ, ಇಡೀ ಬೆಳೆಯ ಸೊಪ್ಪಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಏಳೆಂಟು ದಿನದಲ್ಲೇ ಖರ್ಚು, ಅಷ್ಟು ದಿನ ಆಯಮ್ಮ ಸರಿಯಾಗಿ ಮಲಗೇ ಇರಲಿಲ್ಲ. ಫ್ಯಾನ್ ಕೆಳಗೆ ಎರಡು ಗಂಟೆ ನಿದ್ದೆ, ಯಾರೂ ಕರೆಯೋರಿಲ್ಲ, ಮೈಗೆ ಸ್ವಲ್ಪ ನೀರು ಬೇರೆ ಸೇರ್ತು. ಚೆನ್ನಾಗಾಗದೆ ಇನ್ನೇನು! ಹೆಸರು ಮಾತ್ರ ಬಾಟ್ಲಿಗೆ ಬಂತು.

ವಾಂತಿ ಭೇದಿ ಆಗಿ ಬಾಯಲ್ಲಿ ಏನೂ ನಿಲ್ತಿಲ್ಲ ಅಂದ್ರೆ ಡ್ರಿಪ್ ಜೀವ ಉಳಿಸುತ್ತೆ, ಅದು ಬೇರೆ ಮಾತು. ಆದ್ರೆ ಹಾರ್ಟ್ ವೀಕ್ ಇರೋರಿಗೆ, ಕಿಡ್ನಿ ತೊಂದರೆ ಇರೋರಿಗೆ ಸುಮ್ ಸುಮ್ನೆ ಏರಿಸಿದ್ರೆ ಶ್ವಾಸಕೋಶದಲ್ಲಿ ನೀರು ತುಂಬ್ಕೋಬಹುದು, ಉಸಿರು ಕಟ್ಟಬಹುದು. ಕೇಳಿದ ತಕ್ಷಣ ಏರಿಸಿ ಕಳಿಸೋರೂ ಇದಾರೆ, ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ.

ಹಂಗಾದ್ರೆ ಕೆಲಸ ಹೆಂಗೆ ಮುಗಿಸೋದು? ತಲೆ ಬೇಕಾಗಿರೋ ಕೆಲಸ, ಲೆಕ್ಕ ಗಿಕ್ಕ, ಬೆಳಿಗ್ಗೆ ತಿಂಡಿ ಆದ್ಮೇಲೆ ಮುಗಿಸಿ. ರಾತ್ರಿ ಸೊಪ್ಪು ಹಾಕೋದು ಗಂಡ ಹೆಂಡ್ತಿ ಪಾಳಿ ಹಂಚ್ಕೊಳ್ಳಿ, ಒಬ್ಬರೇ ಎದ್ದೇಳ್ಬೇಡಿ. ಮಧ್ಯಾಹ್ನ ಇಪ್ಪತ್ತು ನಿಮಿಷ ಅಡ್ಡ ಬಿದ್ಕೊಳ್ಳಿ, ಅದು ಸೋಮಾರಿತನ ಅಲ್ಲ. ಜ್ವರಕ್ಕೆ ಕೂತ, ಅಂದ್ರೆ ಪೊರೆ ಬಿಡೋಕೆ ಕೂತ ಹುಳಕ್ಕೆ ನೀವು ಸೊಪ್ಪು ಹಾಕ್ತೀರಾ? ತಲೆ ಎತ್ಕೊಂಡು ಅಲ್ಲಾಡದೆ ಕೂತಿದ್ರೆ ಮುಟ್ಟೋದೂ ಇಲ್ಲ, ಪೊರೆ ಬಿಟ್ಟು ಏಳೋ ತನಕ ಕಾಯ್ತೀರ.

ಮಲಗಿ ಎದ್ರೂ ಸುಸ್ತು ಹೋಗ್ತಿಲ್ಲ, ಎರಡು ವಾರ ಆಯ್ತು ಅಂದ್ರೆ ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿ. ಹೆಂಗಸರಿಗೆ 12ಕ್ಕಿಂತ ಕಮ್ಮಿ, ಗಂಡಸರಿಗೆ 13ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 57% ಜನಕ್ಕೆ ಇದಿತ್ತು. ಜೊತೆಗೆ ಥೈರಾಯ್ಡು, ಶುಗರ್ರೂ ನೋಡಿಸಿ.

ಇದು ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. ಐರನ್ ಮಾತ್ರೆ ತಿಂಗಳುಗಟ್ಲೆ ನುಂಗಿದ್ರೂ ರಕ್ತ ಏರ್ತಿಲ್ಲ ಅನ್ನೋರನ್ನ ಟೀ ಯಾವಾಗ ಕುಡೀತೀರ ಅಂತ ಕೇಳಿದ್ರೆ, "ಊಟ ಆದ ತಕ್ಷಣ, ಮಾತ್ರೆನೂ ಅದ್ರ ಜೊತೆಗೇ" ಅಂತಾರೆ. ಟೀಲಿರೋ ಟ್ಯಾನಿನ್ ಕಬ್ಬಿಣನ ಹಿಡ್ಕೊಂಡ್ಬಿಡುತ್ತೆ, ಮೈಗೆ ಹತ್ತೋಕೆ ಬಿಡಲ್ಲ. ಮಾತ್ರೆನ ನಿಂಬೆ ನೀರಲ್ಲಿ ನುಂಗಿ, ಮಲ ಕಪ್ಪಗಾದ್ರೆ ಹೆದರ್ಬೇಡಿ, ಡಾಕ್ಟ್ರು ಹೇಳಿದಷ್ಟು ತಿಂಗಳು ಬಿಡದೆ ತಗೊಳ್ಳಿ. ಟೀ ಬಿಡಿ ಅಂತ ನಾನು ಹೇಳಲ್ಲ, ಊಟಕ್ಕೂ ಮಾತ್ರೆಗೂ ಒಂದೆರಡು ಗಂಟೆ ಅಂತರ ಕೊಟ್ಟು ಕುಡೀರಿ, ಹುಳಕ್ಕೆ ಮಧ್ಯಾಹ್ನದ ಸೊಪ್ಪು ಹಾಕಿ ಬಂದು ಕೂರ್ತೀರಲ್ಲ, ಆ ಹೊತ್ತಿಗೆ.